ಡಬ್ಬಿ ಮಾಮನ ಬಲಗಿವಿ

ಬೆಳಗಿನ ಐದೂಮುಕ್ಕಾಲು. ಮೈದಾನದ ಹುಲ್ಲು ಇನ್ನೂ ಒದ್ದೆ, ಗಾಳಿ ಎದ್ದಿಲ್ಲ. ತಂತಿ ಕಟ್ಟಿದ ಮಾದರಿ ವಿಮಾನ ಹಾರಿಸುವವರಿಗೆ ಬೇಕಾದದ್ದು ಇದೇ ಹೊತ್ತು. ನಡುವೆ ನಿಂತ ಯುವಕನ ಕೈಯಲ್ಲೊಂದು ಹಿಡಿಕೆ, ಹಿಡಿಕೆಯಿಂದ ಹೊರಟ ಎರಡು ಉಕ್ಕಿನ ತಂತಿ, ತಂತಿಯ ತುದಿಯಲ್ಲಿ ಮೂರು ಮೊಳ ರೆಕ್ಕೆಯ ವಿಮಾನ. ಅದು ಅವನ ಸುತ್ತ ಗಿರಗಿರನೆ ಸುತ್ತುತ್ತಿದೆ. ವೃತ್ತದಾಚೆ ಹಿರಿಯರೊಬ್ಬರು ಮಂಡಿಯೂರಿ ಕೂತಿದ್ದಾರೆ. ನಮ್ಮೆಲ್ಲರ ಕಣ್ಣು ವಿಮಾನದ ಮೇಲಿದ್ದರೆ ಅವರ ಕಣ್ಣು ಯುವಕನ ಮುಖದ ಮೇಲೆ. ವಿಮಾನ ಇಳಿದದ್ದೇ ತಡ, ಎದ್ದು ಹೋಗಿ ಮೂತಿಯ ಮುಚ್ಚಳ ಬಿಚ್ಚಿ, ಒಳಗಿನ ತಗಡಿನ ಟ್ಯಾಂಕಿನ ಅಡಿಗೆ ಒಂದು ಚೂರು ರಟ್ಟು ತೂರಿಸಿ, ಈಗ ಬಿಡು ಎನ್ನುತ್ತಾರೆ.

ಇವರೇ ಡಬ್ಬಿ ಮಾಮ. ವಯಸ್ಸು ಅರವತ್ಮೂರು. ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ತಗಡಿಗೆ ಬೆಸುಗೆ ಹಾಕಿ ನಿವೃತ್ತರಾದವರು. ಹೆಸರು ಅಲ್ಲಿಂದ ಅಂಟಿಕೊಂಡದ್ದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಗೆಳೆಯನೊಬ್ಬನ ಸೋರುವ ಟ್ಯಾಂಕು ಸರಿಮಾಡಿಕೊಟ್ಟರು, ಅಂದಿನಿಂದ ಈ ಮೈದಾನ ಬಿಟ್ಟಿಲ್ಲ. ವಿಮಾನ ಹಾರಿಸಿದವರಿಗೆ ಕಪ್ಪು ಸಿಗುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಟ್ಯಾಂಕು ಕೂರಿಸಿದವರನ್ನು ಕೇಳುವವರಿಲ್ಲ. ಹೊಟ್ಟೆಯೊಳಗಿನ ಕರುಳನ್ನು ಯಾರು ನೋಡುತ್ತಾರೆ?

ಅಂಗೈಯಗಲದ ಡಬ್ಬಿ, ಇದರಲ್ಲೇನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ವಿಮಾನ ಸುತ್ತುವಾಗ ಇಂಧನವೆಲ್ಲ ಹೊರಗೋಡೆಗೆ ಹೋಗಿ ಒತ್ತಿಕೊಳ್ಳುತ್ತದೆ, ಹೀರುವ ಕೊಳವೆ ಆ ಮೂಲೆಯಲ್ಲೇ ಇರಬೇಕು. ಟ್ಯಾಂಕು ಎಂಜಿನ್ನಿನ ಮಟ್ಟಕ್ಕೆ ಸರಿಯಾಗಿ ಕೂರಬೇಕು. ತುಸು ಮೇಲಾಯಿತೋ, ವಿಮಾನ ತಲೆಕೆಳಗಾದಾಗ ಎಂಜಿನ್ನಿಗೆ ಇಂಧನ ಸಾಲದೆ ಅದು ವಿಪರೀತ ಜೋರಾಗಿ ತಿರುಗಿ ಸದ್ದು ಕೀರಲಾಗುತ್ತದೆ, ಕೊನೆಗೆ ಬಿಸಿಯೇರಿ ನಿಂತೇಬಿಡುತ್ತದೆ. ಎಂಜಿನ್ ನಿಂತು ತಂತಿ ಸಡಿಲವಾದರೆ ವಿಮಾನ ಕೈಯ ಮಾತು ಕೇಳುವುದಿಲ್ಲ. ಸರಿಗೂ ತಪ್ಪಿಗೂ ಇರುವ ಅಂತರ ಒಂದು ರಟ್ಟಿನ ದಪ್ಪ, ಅದನ್ನು ಅಳೆಯುವುದು ಕಿವಿಯಿಂದ.

"ನೆಟ್ಟಗಿದ್ದಾಗ ಒಂದು ದನಿ, ತಲೆಕೆಳಗಾದಾಗ ಒಂದು ದನಿ. ಎರಡೂ ಒಂದೇ ಆಗೋವರೆಗೂ ರಟ್ಟು ಹಾಕೋದು, ತೆಗೆಯೋದು. ಇಷ್ಟೇ ನನ್ನ ವಿದ್ಯೆ" ಎನ್ನುತ್ತಾರೆ ಮಾಮ.

ವಿಮಾನ ಮತ್ತೆ ಏರುತ್ತದೆ, ಮಗುಚಿಕೊಂಡು ಎರಡು ಸುತ್ತು ಹೊಡೆಯುತ್ತದೆ. ಯುವಕ ಹಲ್ಲು ಕಿರಿಯುತ್ತಾನೆ. ಮಾಮ ಹೆಬ್ಬೆರಳೆತ್ತಿ, ಸರಿಯಾಯಿತು ಎನ್ನುತ್ತಾರೆ. ನನಗೆ ಈ ವಿದ್ಯೆಯ ಗಂಧಗಾಳಿ ಇಲ್ಲ, ಆದರೂ ಮಗುಚಿದಾಗ ಸದ್ದು ಕೀರಲಾದದ್ದು ಕೇಳಿಸಿತು. ಅವರ ಎಡಕ್ಕೆ ಕೂತಿದ್ದೆ, ಅದು ಯಾಕೆಂದು ಕೇಳಿದೆ. ಉತ್ತರ ಬರಲಿಲ್ಲ. ಬಲಕ್ಕೆ ಹೋಗಿ ಮತ್ತೆ ಕೇಳಿದೆ. ಅವರು ತಟ್ಟನೆ ಎದ್ದರು. ವಿಮಾನ ಇಳಿಸಿದ ಯುವಕನಿಗೆ, ಬೆಸುಗೆ ಯಾಕೋ ಬಿಟ್ಟ ಹಾಗಿದೆ, ಮನೆಗೆ ಒಯ್ದು ನೋಡುತ್ತೇನೆ ಎಂದು ಸುಳ್ಳು ಹೇಳಿ ವಿಮಾನ ಎತ್ತಿಕೊಂಡರು. ನಾನೂ ಜೊತೆಗೆ ಹೊರಟೆ.

ಮನೆಯ ಹಿಂದಿನ ಕೋಣೆಯೇ ಕಾರ್ಯಾಗಾರ. ಹೆಂಡತಿಯ ಹೊಲಿಗೆ ಯಂತ್ರದ ಮೇಜು ಈಗ ಬೆಸುಗೆಯ ಮೇಜು. ಇಂಧನದಲ್ಲಿ ಹರಳೆಣ್ಣೆ ಬೆರೆಸುವುದರಿಂದ ಗೋಡೆ, ಬಾಗಿಲಿನ ಪರದೆ, ದಿಂಬು ಎಲ್ಲಕ್ಕೂ ಅದೇ ವಾಸನೆ. ತಿಂಗಳಿಗೆ ಎರಡೋ ಮೂರೋ ಟ್ಯಾಂಕು, ಇಲ್ಲಿಯವರೆಗೆ ಸಾವಿರದ ಇನ್ನೂರು ದಾಟಿವೆ. ಪ್ರತಿಯೊಂದನ್ನೂ ಬಕೆಟ್ಟಿನ ನೀರಲ್ಲಿ ಮುಳುಗಿಸಿ ಕೊಳವೆಯಿಂದ ಊದುತ್ತಾರೆ. ಒಂದೇ ಒಂದು ಗುಳ್ಳೆ ಎದ್ದರೂ ಬಿಚ್ಚಿ ಮೊದಲಿಂದ ಮಾಡುತ್ತಾರೆ. ಗೋಡೆಗೆ ಒರಗಿಸಿದ ಮೂರು ವಿಮಾನಗಳ ಪಕ್ಕ ಇವತ್ತಿನದನ್ನೂ ಇಡುತ್ತಾರೆ. ಮುಂದಿನ ತಿಂಗಳು ಸ್ಪರ್ಧೆ, ನಾಲ್ಕಕ್ಕೂ ಟ್ಯಾಂಕು ಕೂರಿಸಬೇಕಾದವರು ಇವರೇ.

ವಿಷಯ ಹೇಳಿದ್ದು ಅವರ ಹೆಂಡತಿ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ದಪ್ಪ ಸದ್ದು ಮಾತ್ರ ಮುಟ್ಟುತ್ತದೆ, ಕೀರಲು ಸದ್ದು ಮುಟ್ಟುವುದಿಲ್ಲ, ಇನ್ನು ಮುಟ್ಟುವುದೂ ಇಲ್ಲ ಎಂದು ಡಾಕ್ಟರು ಹೇಳಿ ವರ್ಷವಾಯಿತಂತೆ. "ಮೂವತ್ತೈದು ವರ್ಷದಿಂದ ನಾನು ಹೇಳಿದ್ದು ಯಾವತ್ತು ಕೇಳಿದ್ದಾರೆ? ಕೋಣನ ಮುಂದೆ ಕಿನ್ನರಿ ಅಂತ ನಾನೂ ಸುಮ್ಮನಾಗಿದ್ದೆ. ಕಿವಿ ಹೋಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದು ಆಕೆ ನಗಲು ನೋಡುತ್ತಾರೆ, ಆಗುವುದಿಲ್ಲ.

ಮಾಮ ನೆಲ ನೋಡುತ್ತಾ ಹೇಳುತ್ತಾರೆ: "ಕಿವಿಗೆ ಹತ್ತಿ ಇಟ್ಕೊಳ್ಳಿ ಅಂತ ಎಲ್ರೂ ಹೇಳೋರು. ಹತ್ತಿ ಇಟ್ಕೊಂಡ್ರೆ ನನ್ನ ಕೆಲಸ ಹೇಗಾಗತ್ತೆ? ಆ ಸದ್ದೇ ನನಗೆ ಹೇಳಿಕೊಳ್ಳೋಕೆ ಒಂದು ಹೆಸರು ಕೊಡ್ತು, ಆ ಸದ್ದೇ ಕಿವಿ ತಿಂತು."

ಒಂದು ವರ್ಷದಿಂದ ಅವರು ಟ್ಯಾಂಕು ಕೂರಿಸುತ್ತಿರುವುದು ಹಾರಿಸುವವರ ಮುಖ ನೋಡಿ. ಮುಖ ಸಪ್ಪಗಾದರೆ ಇನ್ನೊಂದು ರಟ್ಟು, ಅರಳಿದರೆ ಸರಿ. ಹನ್ನೊಂದು ತಿಂಗಳು ಯಾರಿಗೂ ಅನುಮಾನ ಬರಲಿಲ್ಲ. ಐದು ವಾರದ ಹಿಂದೆ ಗಣಿತದ ಮೇಷ್ಟ್ರೊಬ್ಬರು ಎರಡು ವರ್ಷ ಸಂಜೆಗಳೆಲ್ಲ ಕೂತು ಕಟ್ಟಿದ ವಿಮಾನ ತಂದರು. ಮೇಷ್ಟ್ರದು ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತವರ ಮುಖ, ಸಂತೋಷವಾದರೂ ಬೇಸರವಾದರೂ ಒಂದೇ. ಓದಲಾಗದೆ, ಮಾಮ ಅಂದಾಜಿನ ಮೇಲೆ ಒಂದು ರಟ್ಟು ಹೆಚ್ಚಿಗೆ ಹಾಕಿ ಸರಿಯಾಗಿದೆ ಎಂದುಬಿಟ್ಟರು. ಮಗುಚಿ ಎರಡು ಸುತ್ತು ಹೊಡೆದ ವಿಮಾನ ನೆತ್ತಿಯ ಮೇಲೆ ಬಂದಾಗ ಎಂಜಿನ್ ನಿಂತಿತು. ತಂತಿ ಜೋತುಬಿತ್ತು. ವಿಮಾನ ಮೂತಿ ಕೆಳಗಾಗಿ ಬಂದು ನೆಲಕ್ಕೆ ಹೊಡೆಯಿತು, ಉಳಿದದ್ದು ಕಡ್ಡಿ ಮತ್ತು ಕಾಗದ.

ಎಂಜಿನ್ನಿಗೆ ಹರಿಯುವ ಇಂಧನವನ್ನು ಹೆಚ್ಚುಕಡಿಮೆ ಮಾಡುವ ಸೂಜಿ ತಿರುಪನ್ನು ಹಾರಿಸುವವರೇ ಬಿಗಿ ಮಾಡಿಕೊಳ್ಳುವುದು ರೂಢಿ. ಮೇಷ್ಟ್ರು ಚೂರುಗಳನ್ನು ಚೀಲಕ್ಕೆ ತುಂಬುತ್ತಾ, "ಸೂಜಿ ನಾನೇ ಜಾಸ್ತಿ ಬಿಗಿ ಮಾಡಿದೆ ಅನ್ಸತ್ತೆ. ನಿಮ್ಮ ಟ್ಯಾಂಕಲ್ಲಿ ತಪ್ಪು ಹೇಗಿರತ್ತೆ ಮಾಮ?" ಎಂದರಂತೆ. ಆಮೇಲೆ ಮೈದಾನಕ್ಕೆ ಬಂದಿಲ್ಲ. ತನ್ನ ಕೈಗೆ ಇದು ಒಗ್ಗುವುದಿಲ್ಲ ಎಂದು ಎಂಜಿನ್ನನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದಾರೆ.

ಆ ದಿನ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಇತ್ತು. ಮಾಮನ ಮಗಳು ಅದನ್ನು ಮತ್ತೆ ಮತ್ತೆ ಹಾಕಿ ಸುತ್ತುಗಳ ಹೊತ್ತು ಲೆಕ್ಕ ಮಾಡಿದಳು. ನೆಟ್ಟಗೆ ಒಂದು ಸುತ್ತಿಗೆ ಐದೂಮುಕ್ಕಾಲು ಸೆಕೆಂಡು, ತಲೆಕೆಳಗಾಗಿ ಐದೂಕಾಲು. ಸೂಜಿಯದೇ ದೋಷವಾಗಿದ್ದರೆ ಎರಡು ಕಡೆಯೂ ಒಂದೇ ಬರಬೇಕಿತ್ತು. ಅರ್ಧ ಸೆಕೆಂಡಿನ ವ್ಯತ್ಯಾಸ ಎಂದರೆ ಹಿಂದೆಲ್ಲ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು ಎನ್ನುತ್ತಾರೆ ಮಾಮ. ಮೂರು ಸಲ ಮೇಷ್ಟ್ರ ಮನೆಯ ಗೇಟಿನವರೆಗೆ ಹೋಗಿ ಮರಳಿದ್ದಾರೆ. 

ಗಡಿಯಾರ ಹಿಡಿದು ಸುತ್ತು ಎಣಿಸಿ ಟ್ಯಾಂಕು ಕೂರಿಸಬಹುದಲ್ಲ ಎಂದೆ. ಮಾಡಬಹುದು, ಅದನ್ನು ಯಾರು ಬೇಕಾದರೂ ಮಾಡಬಹುದು, ಅದಕ್ಕೆ ನಾನೇ ಯಾಕೆ ಬೇಕು ಎಂದು ಅವರು ತಿರುಗಿ ಕೇಳಿದರು. ಸಮಾಧಾನ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಆ ಕೋಣೆಯಲ್ಲಿ ಸಮಾಧಾನಕ್ಕೆ ಜಾಗ ಇರಲಿಲ್ಲ.

ಹೊರಡುವ ಮುನ್ನ, ಪತ್ರಿಕೆಯ ಲೇಖನದಲ್ಲಿ ಏನೇನು ಬರೆಯಬಾರದು ಹೇಳಿ, ಬಿಟ್ಟುಬಿಡುತ್ತೇನೆ ಎಂದೆ. ಎರಡು ಸಲ ಹೇಳಬೇಕಾಯಿತು. ಮಾಮ ನಾಲ್ಕೂ ವಿಮಾನಗಳ ಕಡೆ ನೋಡಿ, ಬಲಗಿವಿ ನನ್ನ ಕಡೆಗಿರುವಂತೆ ಬಂದು ನಿಂತರು.

"ಬಿಡೋದೇನೂ ಬೇಡ. ಇವರೆಲ್ಲ ಭಾನುವಾರ ನಿಮ್ಮ ಪುರವಣಿ ಓದ್ತಾರೆ, ಮೇಷ್ಟ್ರೂ ಓದ್ತಾರೆ. ನನ್ನ ಬಾಯಲ್ಲಿ ಹೇಳೋಕೆ ಆಗಲಿಲ್ಲ. ಮಾಮಂಗೆ ಕಿವಿ ಕೇಳಲ್ಲ, ವಿಮಾನ ವಾಪಸ್ ತಗೊಂಡು ಹೋಗಿ ಅಂತ ಬರೀರಿ. ಮೇಷ್ಟ್ರ ಸೂಜಿ ಸರಿಯಾಗೇ ಇತ್ತು ಅಂತ ಬರೀರಿ."