ಸುನಂದಾ ಟೀಚರ್ ಕೈಯ ಅರಿಷಿಣ

ಸಿಟ್ಟು ಬಂದಾಗ ಬರೆಯಬಾರದು ಎನ್ನುತ್ತಾರೆ. ಬರೆಯುತ್ತೇನೆ, ಏನೀಗ?

ಮಾನ್ವಿಯಲ್ಲಿ ಹೆಂಗಸರಿಗೆ ಇಂಗ್ಲಿಷ್ ಕಲಿಸುವ ಸುನಂದಾ ಟೀಚರ್ ಗಂಡನನ್ನು ಕಳೆದುಕೊಂಡವರು. ದೇವದುರ್ಗದ ಕಡೆಯ ಜಾಲಹಳ್ಳಿಯ ತವರಿಗೆ ಹೋಗಿ ಮೂಲೆ ಹಿಡಿಯದೆ, ಇಲ್ಲೇ ಒಂದು ಕೋಣೆ ಬಾಡಿಗೆ ಹಿಡಿದು ಮಧ್ಯಾಹ್ನದ ಕ್ಲಾಸು ಶುರು ಮಾಡಿದರು. ನಮ್ಮ ಬಾಯಿಂದ ‘ಗುಡ್ ಮಾರ್ನಿಂಗ್’ ದಾಟಿ ಒಂದು ಮಾತೂ ಹೊರಡುತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟು ಮದುವೆಯ ಮಾತು ತೆಗೆದರು ನೋಡಿ, ಸುಮ್ಮನಿರುವವಳು ಯಾರು? ಜರ್ಮನಿಯಲ್ಲಿ ಮದುವೆಯ ಹಿಂದಿನ ದಿನ ಹುಡುಗಿಯ ಮನೆ ಮುಂದೆ ಪಿಂಗಾಣಿ ತಟ್ಟೆ ಒಡೆಯುತ್ತಾರೆ ಎಂದಾಗ ಅಕ್ಕಿ ಗಿರಣಿಯ ಸೂಗಮ್ಮ ಬಾಯಿ ಮೇಲೆ ಕೈಯಿಟ್ಟಳು.

“ಯವ್ವಾ, ಹುಚ್ಚರೇನ್ರೀ ಅವರು!”

“ಅವರಿಗೂ ನಮ್ಮದು ಹಂಗ ಕಾಣ್ತದ್ರೀ. ಎದ್ದು ನಿಂತು ನಿಮ್ಮನಿ ಮದುವಿ ಇಂಗ್ಲಿಷಿನ್ಯಾಗ ಹೇಳ್ರಿ. ಜೋರ್ ಹೇಳ್ರಿ, ಹಿಂದಿನೋರಿಗೂ ಕೇಳ್ಲಿ.”

ಅವರಲ್ಲಿ ಹೀಗೆ, ನಮ್ಮಲ್ಲಿ ಹೀಗೆ. ಇದೇ ಅವರ ಪಾಠ. ಹೇಳಿ ಮುಗಿಸುವ ತನಕ ಯಾರನ್ನೂ ಕೂರಗೊಡುತ್ತಿರಲಿಲ್ಲ. ರಾಯಚೂರಿನ ಬೀಗರ ಮುಂದೆ ಇಂಗ್ಲಿಷ್ ಆಡಬೇಕೆಂದು ಬಂದಿದ್ದ ಸೂಗಮ್ಮ, ಮದುವೆ ಗೊತ್ತಾಗಿದ್ದ ಅವಳ ಮಗಳು ಶೈಲಶ್ರೀ, ಬ್ಲೌಸ್ ಹೊಲಿಯುವ ನಾನು, ಎಲ್ಲರೂ ಕಲಿತದ್ದು ಹೀಗೆಯೇ.

ಶೈಲಶ್ರೀಯ ಅರಿಷಿಣಕ್ಕೆ ಸೂಗಮ್ಮ ತಾನೇ ಫೋನ್ ಮಾಡಿ ಟೀಚರನ್ನು ಕರೆದಳು. ಅರಿಷಿಣ ಹಚ್ಚುವ ಐವರು ಮುತ್ತೈದೆಯರಲ್ಲಿ ನಾನೊಬ್ಬಳು. ಟೀಚರ್ ಖುಷಿಯಿಂದ ಹಸೆಮಣೆಯ ಹತ್ತಿರ ಬಂದು ನನ್ನ ಕೈಲಿದ್ದ ಅರಿಷಿಣದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಸೂಗಮ್ಮ ಅಡ್ಡ ನಿಂತಳು.

“ಟೀಚರ್, ನೀವು ಒಳಗ ಹೋಗಿ ಊಟ ಮಾಡ್ರಿ. ಇದು ಮುತ್ತೈದೇರ ಕೆಲಸ.”

ಬಾಯಿ ತೆರೆದರೆ ಬಸವಣ್ಣ ಅನ್ನುವ ಮನೆ! ಟೀಚರ್ ಕೈ ಹಿಂದಕ್ಕೆಳೆದುಕೊಂಡರು. ನನ್ನ ಮೈಯೆಲ್ಲ ಉರಿದುಹೋಯಿತು.

ಆಗ ಶೈಲಶ್ರೀ ಕುಳಿತಲ್ಲಿಂದಲೇ ತಾಯಿಗೆ ಇಂಗ್ಲಿಷಿನಲ್ಲಿ ಹೇಳಿದಳು: ಬೇರೆಯವರಲ್ಲಿ ಹೇಗೋ, ನಮ್ಮಲ್ಲಿ ಮೊದಲ ಅರಿಷಿಣ ನನ್ನ ಟೀಚರದು, ಅವರದು ಇಲ್ಲದಿದ್ದರೆ ಯಾರದೂ ಬೇಡ.

“ಏನಂತಾಳ ಹುಡುಗಿ?” ಸೂಗಮ್ಮನ ಮುದಿ ಅತ್ತೆ ಕೇಳಿದಳು.

ಸೂಗಮ್ಮನಿಗೆ ಒಂದೊಂದು ಮಾತೂ ಅರ್ಥವಾಗಿತ್ತು. “ನೀರು ಬೇಕಂತ್ರೀ,” ಅಂದುಬಿಟ್ಟಳು.

ನಾಚಿಕೆಗೇಡಿ! ಆ ಇಂಗ್ಲಿಷ್ ಯಾರು ಕಲಿಸಿದ್ದು?

“ನೀರಲ್ಲ ಯವ್ವಾ!” ಎಂದು ಕೂಗಿ, ಹುಡುಗಿ ಆಡಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ನನ್ನ ಬಟ್ಟಲನ್ನು ಟೀಚರ್ ಕೈಗಿಟ್ಟೆ. ಶೈಲಶ್ರೀ ಅವರ ಕಡೆ ಕೆನ್ನೆ ಕೊಟ್ಟು ಕುಳಿತಳು.

ಟೀಚರ್ ಹಚ್ಚಿದರು. ಕೆನ್ನೆಗೆ, ಕೈಗೆ, ಪಾದಕ್ಕೆ, ಯಾರ ಅಪ್ಪಣೆಯನ್ನೂ ಕೇಳದೆ. ಆಮೇಲೆ ಸೂಗಮ್ಮನ ಕಡೆ ತಿರುಗಿದರು. ಅವರಿಗೂ ಸಿಟ್ಟು ಬರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು.

“ಸೂಗಮ್ಮಾ, ಇಂಗ್ಲಿಷಿನ್ಯಾಗ ಹೇಳ್ರಿ. ನಿಮ್ಮನ್ಯಾಗ ಮೊದಲ ಅರಿಷಿಣ ಹಚ್ಚಿದವರು ಯಾರು?”

ಸೂಗಮ್ಮ ನೆಲ ನೋಡುತ್ತ ನಿಂತಳು. ಟೀಚರ್ ಕಾದರು. ಕೊನೆಗೆ ಅವಳು ಬಾಯೊಳಗೇ “ಮೈ ಟೀಚರ್” ಅಂದಳು.

“ಜೋರ್ ಹೇಳ್ರಿ,” ಅಂದರು ಸುನಂದಾ ಟೀಚರ್. “ಹಿಂದಿನೋರಿಗೂ ಕೇಳ್ಲಿ.”