ಕೂದಲಿರುವ ಒಂದು ತಲೆ ಬೇಕಾಗಿತ್ತು

ನನ್ನ ತಲೆ ಪೂರ್ತಿ ಬೋಳು. ಇದರಿಂದ ಲೋಕಕ್ಕೆ ನಷ್ಟವೇನೂ ಆಗಿಲ್ಲ. ಭೌತಶಾಸ್ತ್ರಕ್ಕೆ ಮಾತ್ರ ಸ್ವಲ್ಪ ತೊಂದರೆಯಾಗಿದೆ.

ಕೊಪ್ಪದ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ಪ್ರತಿ ವರ್ಷವೂ ಒಂದು ಪ್ರಯೋಗ ತೋರಿಸುತ್ತೇನೆ. ಒಣಕೂದಲಲ್ಲಿ ಪ್ಲಾಸ್ಟಿಕ್ ಬಾಚಣಿಗೆಯನ್ನು ಹತ್ತಾರು ಸಲ ಎಳೆದು, ನಲ್ಲಿಯಿಂದ ನೂಲಿನಂತೆ ಇಳಿಯುವ ನೀರಿನ ಪಕ್ಕ ಹಿಡಿದರೆ ನೀರು ಅದರತ್ತ ಬಾಗುತ್ತದೆ. ನೀರಿನ ಒಂದೊಂದು ಕಣವೂ ವಿದ್ಯುತ್ ದ್ವಿಧ್ರುವಿ: ಒಂದು ತುದಿ ಧನ, ಇನ್ನೊಂದು ಋಣ, ಕೂಡಿದರೆ ಸೊನ್ನೆ. ಸೊನ್ನೆ ಯಾರನ್ನು ಎಳೆದೀತು ಎಂದು ಮಕ್ಕಳು ಕೇಳುತ್ತಾರೆ. ಬಾಚಣಿಗೆಯಲ್ಲಿರುವುದು ಋಣ, ಕಣದ ಧನದ ತುದಿ ಅದರ ಕಡೆ ತಿರುಗಿ ತುಸು ಹತ್ತಿರ ನಿಲ್ಲುತ್ತದೆ, ಋಣದ ತುದಿ ತುಸು ದೂರ. ಹತ್ತಿರದ ಸೆಳೆತ ದೂರದ ತಳ್ಳಾಟಕ್ಕಿಂತ ಚೂರು ಹೆಚ್ಚು. ಆ ಚೂರೇ ಎಲ್ಲ. ದೂರ ಇಮ್ಮಡಿಯಾದರೆ ಅದೂ ಎಂಟನೇ ಒಂದು ಪಾಲಿಗೆ ಇಳಿದುಬಿಡುತ್ತದೆ.

ಪಾಠ ಜೂನ್‌ನಲ್ಲೇ ಮುಗಿಯುತ್ತದೆ. ಆದರೆ ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಬಾಚಣಿಗೆಯಲ್ಲಿ ವಿದ್ಯುತ್ ಉಳಿಯುವುದಿಲ್ಲ; ಒಮ್ಮೆ ನೀರು ಬಾಗದೆ ಇಡೀ ತರಗತಿ ನಕ್ಕಿತ್ತು. ಅಂದಿನಿಂದ ಪ್ರಯೋಗ ಜನವರಿಯಲ್ಲಿ, ಹಿಂದಿನ ದಿನ ಮನೆಯಲ್ಲಿ ತಾಲೀಮು. ಕೂದಲು ಹೆಂಡತಿ ಸಾವಿತ್ರಿಯದು. ಎಣ್ಣೆ ಹಚ್ಚದೆ ತಲೆಸ್ನಾನ ಮಾಡಿ, ಬಿಸಿಲಲ್ಲಿ ಒಣಗಿಸಿಕೊಂಡು, “ಬೇಗ ಮುಗ್ಸಿ, ಸಾರು ಕುದೀತಾ ಇದೆ” ಎಂದು ನಲ್ಲಿಯ ಬಳಿ ನಿಲ್ಲುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡಳು.

ಈ ಜನವರಿಯ ಭಾನುವಾರ ಬಾಚಣಿಗೆ ಹಿಡಿದು ಮನೆಯೊಳಗೆ ಸುತ್ತಿದೆ. ಅಂಗಿಗೆ ಉಜ್ಜಿದೆ, ನೀರು ಕದಲಲಿಲ್ಲ. ಮನೆಯಲ್ಲಿ ಕೂದಲಿರುವ ತಲೆಯೇ ಇರಲಿಲ್ಲ. ಆರು ತಿಂಗಳಿಂದ ಗೊತ್ತಿದ್ದ ಸಂಗತಿ ಆಗ ಇನ್ನೊಮ್ಮೆ ಗೊತ್ತಾಯಿತು.

ಪಕ್ಕದ ಮನೆಯ ಸುಬ್ರಾಯರು ಶೃಂಗೇರಿ–ನರಸಿಂಹರಾಜಪುರ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಈಗ ಅವರೂ ಒಬ್ಬರೇ. ಎಪ್ಪತ್ತಾದರೂ ತಲೆತುಂಬ ಬಿಳಿಕೂದಲು. ಸಾವಿತ್ರಿ ಹೋದ ಮೇಲೆ ನಾಲ್ಕಾರು ಸಲ ಮಾತಾಡಿಸಲು ಬಂದಿದ್ದರು. ನಾನು ಕೆಲಸವಿದೆ ಎಂದು ಕಳಿಸಿಬಿಟ್ಟಿದ್ದೆ. ಈಗ ನಾಚಿಕೆ ಬಿಟ್ಟು ಅವರ ಬಾಗಿಲು ತಟ್ಟಿದೆ.

“ಸುಬ್ರಾಯರೇ, ನಿಮ್ಮ ತಲೆ ಸ್ವಲ್ಪ ಬೇಕಿತ್ತು.”

“ಎಂತಕ್ಕೆ ಮಾರಾಯ್ರೇ?”

ವಿಷಯ ಹೇಳಿದೆ. “ಇವತ್ತು ಎಣ್ಣೆ ಹಚ್ಚಲಿಲ್ಲ, ನಿಮ್ಮ ಪುಣ್ಯ” ಎಂದು ಅಂಗಳದ ನಲ್ಲಿಯ ಬಳಿ ತಲೆ ಬಗ್ಗಿಸಿ ನಿಂತರು. ಬಾಚಿದೆ. ಇನ್ನೊಬ್ಬರ ತಲೆ ಮುಟ್ಟಿ ಎಷ್ಟು ಕಾಲವಾಗಿತ್ತೋ. ನೀರು ಬಾಗಿತು.

ಸುಬ್ರಾಯರು ಕಣ್ಣರಳಿಸಿದರು. “ಅಲ್ಲ ಮಾರಾಯ್ರೇ, ಬಾಚಣಿಗೆ ನೀರನ್ನ ಎಳೀತು, ಸರಿ. ನೀರು ಬಾಚಣಿಗೆಯನ್ನ ಎಳೆಯೂದಿಲ್ವಾ?”

ನನ್ನ ಇಷ್ಟು ವರ್ಷದ ಪಾಠದಲ್ಲಿ ಯಾರೂ ಕೇಳದ ಪ್ರಶ್ನೆ. “ಎಳೆಯುತ್ತದೆ. ಅಷ್ಟೇ ಬಲದಿಂದ. ನಾನು ಬಿಗಿಯಾಗಿ ಹಿಡಿದಿದ್ದೇನಲ್ಲ, ಅದಕ್ಕೆ ಕಾಣುವುದಿಲ್ಲ” ಎಂದೆ.

ನೀರು ಸುರಿಯುತ್ತಲೇ ಇತ್ತು. ಆಮೇಲೆ ಸುಬ್ರಾಯರು ಕೆದರಿದ ಕೂದಲನ್ನು ಸವರಿಕೊಳ್ಳುತ್ತ, “ನಾಳೆ ಕಾಲೇಜಿಗೂ ಬರ್ಲಾ? ಅಲ್ಲೂ ಬೇಕಾಗ್ತದಲ್ಲ” ಎಂದರು.

ತರಗತಿಯಲ್ಲಿ ಐವತ್ತು ತಲೆಗಳಿವೆ, ಕೂದಲಿಗೇನೂ ಬರವಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದವನು, “ಬನ್ನಿ” ಎಂದೆ.