ಶಂಕ್ರಮ್ಮ ಹೊಲಿದ ಬಾವುಟ

ಹೊನ್ನಾಳಿಯಲ್ಲಿ ನಮ್ಮ ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳು ಶಂಕ್ರಮ್ಮ. ಅಳತೆ ಕೊಡಲು ಹೋದವರ ಕಣ್ಣು ಮಾತ್ರ ಅವಳ ಹಣೆಯ ಕುಂಕುಮದ ಮೇಲೆ. ಗಂಡ ಹಾಲಸ್ವಾಮಿ ಎಪ್ಪತ್ತೊಂದರ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಕಾಣೆಯಾಗಿದ್ದಾನೆ ಎಂದು ತಂತಿ ಬಂದಿತ್ತು, ಅಷ್ಟೆ. ಹೆಣ ನೋಡದೆ ಕುಂಕುಮ ಅಳಿಸುವುದಿಲ್ಲ ಎಂದು ಅವಳು ಹಟ ಹಿಡಿದಳು. ಅದರಿಂದ ಯಾರ ಗಂಟು ಹೋಗುತ್ತಿತ್ತೋ ನಾ ಕಾಣೆ, ಊರಿಗೆಲ್ಲ ಅದೇ ಮಾತು.

ಎಪ್ಪತ್ತಾರರಲ್ಲಿ ಹೈಸ್ಕೂಲಿನ ಚರಿತ್ರೆ ಮೇಷ್ಟ್ರು ಮಹೇಶ್ವರಪ್ಪನವರು ರೋಮನ್ ಸೈನ್ಯದ ನಾಟಕ ಬರೆದು, ಅದಕ್ಕೊಂದು ಬಾವುಟ ಹೊಲಿದುಕೊಡೆಂದು ಅವಳನ್ನು ಕೇಳಿದರು. ಅದನ್ನು ಲ್ಯಾಟಿನ್ನಿನಲ್ಲಿ ವೆಕ್ಸಿಲಮ್ ಅನ್ನುತ್ತಾರಂತೆ. ವೇಲಮ್ ಎಂದರೆ ಬಟ್ಟೆ, ಹಡಗಿನ ಹಾಯಿ; ವೆಕ್ಸಿಲಮ್ ಎಂದರೆ ಅಂಥದೇ ಚಿಕ್ಕ ಬಟ್ಟೆ. ಈಟಿಗೆ ಅಡ್ಡಕೋಲು ಕಟ್ಟಿ ಪರದೆಯ ಹಾಗೆ ಇಳಿಬಿಡುತ್ತಿದ್ದರು. ದೊಡ್ಡ ಸೈನ್ಯದಿಂದ ಬೇರ್ಪಡಿಸಿ ದೂರದ ಗಡಿಗೆ ಕಳಿಸಿದ ತುಕಡಿ ಅದರ ಹಿಂದೆಯೇ ನಡೆಯುತ್ತಿತ್ತು. ಅದು ಶತ್ರುವಿನ ಕೈಸೇರಿದರೆ ತುಕಡಿಯ ಕಥೆ ಮುಗಿಯಿತೆಂದೇ ಲೆಕ್ಕ. ಮೇಷ್ಟ್ರು ಇದನ್ನೆಲ್ಲ ಪಾಠದ ಗುಂಗಿನಲ್ಲಿ ಹೇಳಿದರು. ಎದುರಿಗಿದ್ದವಳು ಯಾರೆಂಬ ಎಚ್ಚರ ಅವರಿಗಿರಬೇಕಿತ್ತು.

ಅವಳು ತನ್ನ ಮದುವೆ ಸೀರೆಯ ಕೆಂಪು ಸೆರಗನ್ನೇ ಕತ್ತರಿಸಿ ಹೊಲಿದಳು. ಹೊಸ ಬಟ್ಟೆ ಉಡುವ ಮುನ್ನ ಹಚ್ಚುವಂತೆ ಮೂಲೆಗಳಿಗೆ ಅರಿಶಿಣ ಹಚ್ಚಿದಳು.

"ಇದು ನಿಂತೈತೆ ಅಂದ್ರೆ ಅವ್ರೂ ಎಲ್ಲೋ ಇದಾರೆ ಅಂತ, ಅಲ್ವೇನೇ?" ಎಂದು ನನ್ನನ್ನು ಕೇಳಿದಳು.

ನಾನು ಹೂಂ ಅಂದೆ. ಕಡೆಯ ದೃಶ್ಯದಲ್ಲಿ ಶತ್ರು ನಾಯಕ ಅದನ್ನು ತುಳಿಯುತ್ತಾನೆಂದು ನಮಗೆ ಯಾರೂ ಹೇಳಿರಲಿಲ್ಲ.

ಶತ್ರು ನಾಯಕನ ಪಾತ್ರ ಮೇಷ್ಟ್ರದೇ. ನಾಟಕದ ದಿನ ಅವರು ಬಾವುಟ ಕಿತ್ತು ನೆಲಕ್ಕೆಸೆದು ಬೂಟುಗಾಲು ಎತ್ತಿದರು. ಮೂಲೆಯ ಅರಿಶಿಣ ಕಣ್ಣಿಗೆ ಬಿದ್ದಿರಬೇಕು, ಎತ್ತಿದ ಕಾಲು ಹಾಗೇ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಶಂಕ್ರಮ್ಮ ನನ್ನ ಮುಂಗೈ ಹಿಡಿದ ರಭಸಕ್ಕೆ ಬಳೆ ಒತ್ತಿ ನೋಯುತ್ತಿತ್ತು. ಮೇಷ್ಟ್ರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಅತಿಥಿಯಾಗಿ ಬಂದು ಕುರ್ಚಿಯ ಮೇಲೆ ಕೂತಿದ್ದ ವಿದ್ಯಾ ಇಲಾಖೆಯ ಸಾಹೇಬರನ್ನು. ತುಳೀರಿ ಎಂದು ಹಿಂದಿನಿಂದ ಯಾರೋ ಕೂಗಿದರು. ಮೇಷ್ಟ್ರು ತುಳಿದೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಸಾಹೇಬರು ಚಪ್ಪಾಳೆ ತಟ್ಟಿದರು.

ಶಂಕ್ರಮ್ಮ ಎದ್ದು ಸೀದಾ ರಂಗದ ಮೇಲೆ ಹೋದಳು. ಚಪ್ಪಾಳೆ ನಿಂತಿತು. ಅವಳು ಅಳಲಿಲ್ಲ, ಬಗ್ಗಿ ಬಟ್ಟೆಯ ಅಂಚು ಹಿಡಿದಳು.

"ಕಾಲು ತೆಗೀರಿ ಮೇಷ್ಟ್ರೇ," ಎಂದಳು. "ಅವ್ರ್ದು ಅಂತ ಮಣ್ಣು ಮಾಡಾಕೆ ನಂಗೆ ಏನೂ ಬಂದಿರ್ಲಿಲ್ಲ. ಇದನ್ನ ಮಣ್ಣು ಮಾಡ್ತೀನಿ."